ನೀಲಾಂಬಿಕೆ ಬಿಡಿಸಿದ ನಾಲ್ಕು ಕಣ್ಣು

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನನ್ನ ಗಡಿಯಾರ ರಿಪೇರಿ ಅಂಗಡಿಗೂ ಪುಟ್ಟರಾಜುವಿನ ಫೋಟೋ ಕಟ್ಟು ಹಾಕುವ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯಾಚೆ ಕೂತು ಗಾಜಿನ ಮೇಲೆ ಚಿತ್ರ ಬರೆಯುತ್ತಿದ್ದವಳು ಪುಟ್ಟರಾಜುವಿನ ಹೆಂಡತಿ ನೀಲಾಂಬಿಕೆ. ಅವಳಷ್ಟು ಹೆದರುವ ಜೀವವನ್ನು ನಾನು ಕಂಡಿಲ್ಲ. ಗುಡುಗಿದರೆ ಹೆದರುತ್ತಿದ್ದಳು, ಲಾರಿ ಹಾರನ್ ಹೊಡೆದರೆ ಹೆದರುತ್ತಿದ್ದಳು, ಪೋಸ್ಟಿನವನು ಬಾಗಿಲಲ್ಲಿ ನಿಂತರೆ ಯಾರೋ ಸತ್ತರೆಂದೇ ಎದೆ ಹಿಡಿದುಕೊಳ್ಳುತ್ತಿದ್ದಳು. ನನ್ನಲ್ಲಿ ರಿಪೇರಿಯಾದ ಗೋಡೆ ಗಡಿಯಾರವೊಂದು ಮೊದಲ ಸಲ ಢಣ್ ಎಂದು ಹೊಡೆದರೆ ಗೋಡೆಯಾಚೆ ಡಬ್ಬಿ ಉರುಳಿದ ಸದ್ದು ಕೇಳುತ್ತಿತ್ತು. ಹಿಂದೆಯೇ ಅವಳ ದನಿ: “ಬೈರಯ್ಯಣ್ಣ, ಅದರ ಬಾಯಿ ಮುಚ್ಸಿ, ನಿಮಗೆ ಪುಣ್ಯ ಬರುತ್ತೆ!”

ಆದರೆ ಕೈ ಮಾತ್ರ ಹೆದರುತ್ತಿರಲಿಲ್ಲ. ಕುಂಚ ಹಿಡಿದ ಮೇಲೆ ಆ ಬೆರಳುಗಳು ಬೇರೆ ಯಾರದೋ ಎನ್ನುವಂತೆ ನಿಲ್ಲುತ್ತಿದ್ದವು. ಒಂದೇ ಎಳೆಯಲ್ಲಿ ಹುಬ್ಬು, ಒಂದೇ ಎಳೆಯಲ್ಲಿ ತುಟಿ. ತೊಂಬತ್ತರ ಆ ವರ್ಷಗಳಲ್ಲಿ ಅಚ್ಚು ಹಾಕಿದ ಪಟಗಳು ರಾಶಿ ರಾಶಿ ಬಂದಿದ್ದವು. ಆದರೂ ಸುತ್ತಿನ ಹಳ್ಳಿಗಳವರು ದೇವರು ಬೇಕೆಂದರೆ ಇವಳ ಹತ್ತಿರವೇ ಬರುತ್ತಿದ್ದರು. ಹೊಳೆಯುವ ಬೇಗಡೆಯ ಚೂರು ಹಚ್ಚಿದ ಅವಳ ಲಕ್ಷ್ಮಿ ದೀಪದ ಬೆಳಕಿಗೆ ಮಿಣುಕುತ್ತಿದ್ದಳು. ಅಚ್ಚಿನ ಲಕ್ಷ್ಮಿ ಮಿಣುಕುತ್ತಿರಲಿಲ್ಲ.

ದೇವರು ಬಿಟ್ಟರೆ ಜನ ಕೇಳುತ್ತಿದ್ದುದು ಬೆಕ್ಕು. ಬುಟ್ಟಿಯಲ್ಲಿ ಕೂತ ಮರಿ, ಕೊರಳಿಗೆ ನೀಲಿ ರಿಬ್ಬನ್, ಪಕ್ಕದಲ್ಲೊಂದು ಗುಲಾಬಿ. ಎಲ್ಲಿಂದಲೋ ಬಂದ ಕ್ಯಾಲೆಂಡರ್ ನೋಡಿ ಶುರುವಾದ ಹುಚ್ಚು ಅದು. ಹೊಸ ಮನೆ ಕಟ್ಟಿಸಿದ ಮೇಷ್ಟರು, ಗುಮಾಸ್ತರು ಎಲ್ಲರೂ ದೇವರ ಮನೆಗೊಂದು ಲಕ್ಷ್ಮಿ, ನಡುಮನೆಗೊಂದು ಬೆಕ್ಕು ಒಯ್ಯುತ್ತಿದ್ದರು. “ಇಲಿ ಕಾಟ ಹೋಗುತ್ತಾ ಇದರಿಂದ?” ಎಂದು ನಾನು ಕೇಳಿದರೆ ಪುಟ್ಟರಾಜು, “ಹಾಲು ಕೇಳಲ್ಲ, ಅದೇ ಲಾಭ” ಅನ್ನುತ್ತಿದ್ದ.

ಗಾಜಿನ ಚಿತ್ರದ ಕೆಲಸ ತಲೆಕೆಳಗಿನ ಕೆಲಸ. ಬರೆಯುವುದು ಗಾಜಿನ ಹಿಂಬದಿಗೆ, ನೋಡುವುದು ಮುಂಬದಿಯಿಂದ. ಹಾಗಾಗಿ ಮೇಲೆ ಕಾಣಬೇಕಾದ ಗೆರೆ ಮೊದಲು, ಹಿನ್ನೆಲೆಯ ಬಣ್ಣ ಕೊನೆಗೆ. ಎಡದ್ದು ಬಲಕ್ಕೆ ಬರುತ್ತದೆ, ಬಲದ್ದು ಎಡಕ್ಕೆ. ಎಲ್ಲ ಬಣ್ಣವೂ ಮೆತ್ತಿದ ಮೇಲೆ ಹಿಂಬದಿಯಿಂದ ನೋಡಿದರೆ ದೇವರೂ ಇಲ್ಲ, ಬೆಕ್ಕೂ ಇಲ್ಲ, ಗೋಡೆಗೆ ಬಳಿದ ಹಾಗೆ ಬರೀ ಬಣ್ಣ. ಈ ವಿದ್ಯೆಯನ್ನು ನೀಲಾಂಬಿಕೆ ಕಲಿತದ್ದು ಅರಕಲಗೂಡಿನಲ್ಲಿ ಅವಳ ತಂದೆಯಿಂದ. ವಿದ್ಯೆಯ ಜೊತೆ ಅವರು ಕಟ್ಟಳೆಗಳನ್ನೂ ಕೊಟ್ಟು ಹೋಗಿದ್ದರು. ದೇವರ ಕಣ್ಣು ಕಟ್ಟಕಡೆಗೆ. ಅಲ್ಲಿಯವರೆಗೆ ಕಣ್ಣಿನ ಜಾಗ ಬರೀ ಗಾಜು. ದೇವರ ಜೊತೆಯಲ್ಲಿ ಹಸು ಇರಲಿ, ನವಿಲಿರಲಿ, ಇಲಿ ಇರಲಿ, ದೇವರಿಗಿಂತ ಮೊದಲು ಅದು ಕಣ್ಣು ಬಿಡಕೂಡದು. ಕಣ್ಣು ಬಿಡಿಸುವ ದಿನ ತಲೆಗೆ ಸ್ನಾನ, ಹೊಟ್ಟೆಗೆ ಇಲ್ಲ, ಬಾಯಿಗೆ ಮಾತಿಲ್ಲ. ಬಿಡಿಸಿದ ಕೂಡಲೇ ಮುಂಬದಿಯನ್ನು ಕನ್ನಡಿಗೆ ಹಿಡಿಯಬೇಕು. ದೇವರ ಮೊದಲ ನೋಟ ದೇವರ ಮೇಲೆಯೇ ಬೀಳಬೇಕು. ಆಮೇಲೆ ಅರಿಶಿನದ ಬಟ್ಟೆ ಮುಚ್ಚಿ ಕೊಟ್ಟುಬಿಡಬೇಕು. ಕೊಡುವ ತನಕ ಬರೆದವಳು ಮುಂಬದಿ ನೋಡಕೂಡದು. ಪುಟ್ಟರಾಜು ಕೂಡ ಬಟ್ಟೆಯ ಮೇಲೆ ಮಗುಚಿ ಹಾಕಿಕೊಂಡೇ ಕಟ್ಟು ಹಾಕುತ್ತಿದ್ದ. ಕೊನೆಯದು ಎಲ್ಲಕ್ಕಿಂತ ದೊಡ್ಡದು: ಒಮ್ಮೆ ತೆರೆದ ಕಣ್ಣನ್ನು ಕೆರೆಯಕೂಡದು, ಬಳಿಯಕೂಡದು.

ತೊಂಬತ್ತನಾಲ್ಕರ ಶ್ರಾವಣದಲ್ಲಿ ಹಳೇಕೋಟೆ ಕಡೆಯ ತಿಮ್ಮಪ್ಪ, ಅವನ ಹೆಂಡತಿ ಲಕ್ಕಮ್ಮ ಅಂಗಡಿಗೆ ಬಂದರು. ಹೊಲ, ಗದ್ದೆ, ಪಂಪ್‌ಸೆಟ್ಟು ಎಲ್ಲ ಇದ್ದ ಮನೆ. ಒಬ್ಬನೇ ಮಗ ಕುಮಾರ್ ಸರ್ಕಾರಿ ಬಸ್ಸಿನ ಕಂಡಕ್ಟರು, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಮೇಘಶ್ರೀ ಚನ್ನರಾಯಪಟ್ಟಣದವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ.

“ನೀಲವ್ವಾ, ನಮ್ ಸೊಸೆಗೆ ಮೂರು ತಿಂಗ್ಳು ಕಣವ್ವ” ಎಂದು ಲಕ್ಕಮ್ಮ ಬೆಂಚಿನ ಮೇಲೆ ಕೂತಳು. “ಬೆಳಗಾನ ಎದ್ದೇಟ್ಗೆ ನೋಡಾಕೆ ಒಂದು ಅಂಬೆಗಾಲು ಕೃಷ್ಣನ್ನ ಬರಕೊಡು. ಬಸ್ರಿ ಯಾವ ಮೊಕ ನೋಡ್ತಾಳೋ ಅದೇ ಮೊಕ ಕಣವ್ವ ಮಗೀಗೆ.”

“ಬೆಣ್ಣೆ ಗಡಿಗೆ ಇರ್ಲಾ ಅಮ್ಮ?”

“ಇರ್ಲಿ. ಎದ್ರುಗೆ ನಮ್ಮನೆ ಬೆಕ್ಕೂ ಇರ್ಲಿ. ಬಿಳೀದು. ಆ ಉಡುಗಿ ಅದ ಬುಟ್ಟು ಒಂದ್ ಗಳಿಗೆ ಇರಾಕಿಲ್ಲ.”

ತಿಮ್ಮಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. “ಅಂಗೇ ನನ್ನೂ ಒಂದ್ ಮೂಲೇಲಿ ಬರದ್ಬುಡವ್ವ. ನಮ್ಮನೇಲಿ ಬೆಕ್ಕಿಗಿರೋ ಮರ್ವಾದೆ ನಂಗಿಲ್ಲ.”

“ನಿನ್ ಮೊಕ ನೋಡ್ಕಂಡು ಮಗ ಉಟ್ಟಿದ್ರೆ ಆಮ್ಯಾಕೆ ಅವುನ್ಗೆ ಎಣ್ಣು ಕೊಡೋರ್ಯಾರು?” ಎಂದಳು ಲಕ್ಕಮ್ಮ. ಗೋಡೆಯ ಈಚೆ ನಾನೂ ನಕ್ಕೆ.

ಚಿತ್ರ ಚೆನ್ನಾಗಿಯೇ ಆಗುತ್ತಾ ಬಂತು. ಅಂಬೆಗಾಲಿಕ್ಕಿದ ಕೂಸು, ನಡುವೆ ಗಡಿಗೆ, ಗಡಿಗೆಯ ಆಚೆ ಬೆಕ್ಕು. ಕೂಸಿನ ತಲೆ ಎಷ್ಟು ಎತ್ತರವೋ ಬೆಕ್ಕಿನ ತಲೆಯೂ ಅಷ್ಟೇ ಎತ್ತರ. ಎರಡೂ ಗಡಿಗೆಯ ಎರಡು ಬದಿಗೆ ಇದ್ದು ನಮ್ಮನ್ನೇ ನೋಡುವ ಹಾಗೆ. ಹಿಂದೆ ದೇವರ ಪಟಗಳಲ್ಲಿ ಪ್ರಾಣಿ ಯಾವಾಗಲೂ ಕಾಲ ಬಳಿ ಚಿಕ್ಕದಾಗಿರುತ್ತಿತ್ತು. ಇಷ್ಟು ಸಮಸಮವಾಗಿ ಅವಳು ಎಂದೂ ಬರೆದಿರಲಿಲ್ಲ. ಬಣ್ಣವೆಲ್ಲ ಮೆತ್ತಿ ಮುಗಿದ ಮೇಲೆ ಹಿಂಬದಿಯಲ್ಲಿ ಉಳಿದದ್ದು ಸಾಸಿವೆ ಕಾಳಿಗಿಂತ ಒಂದಿಷ್ಟು ದೊಡ್ಡ ನಾಲ್ಕು ಕಿಂಡಿ. ಕೃಷ್ಣನವು ಎರಡು, ಬೆಕ್ಕಿನವು ಎರಡು. ಗೊತ್ತಿರಲಿ ಎಂದು ಕೃಷ್ಣನ ಕಡೆಯ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದಿದ್ದಳು.

ಕಣ್ಣು ಬಿಡಿಸುವ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದವಳು ಮಡಿಯೆಂದು ಗಾಜಿನ ಅಂಚನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಗೀಟೂ ಹೋಯಿತು. ಹೋದದ್ದು ಅವಳಿಗೆ ತಿಳಿದದ್ದು ಕುಂಚ ಅದ್ದಿದ ಮೇಲೆ. ಒಂದು ಚಿಪ್ಪಿನಲ್ಲಿ ಕಪ್ಪು, ಇನ್ನೊಂದು ಚಿಪ್ಪಿನಲ್ಲಿ ಬೆಕ್ಕಿಗೆಂದು ಕಲಸಿದ ಜೇನಿನ ಬಣ್ಣ. ಮುಂಬದಿ ತಿರುಗಿಸಿ ನೋಡುವಂತಿಲ್ಲ. ಬಾಯಿ ಬಿಟ್ಟು ಗಂಡನನ್ನು ಕೇಳುವಂತಿಲ್ಲ. ಕೂತಳು, ಮನಸ್ಸಿನಲ್ಲೇ ಗಾಜನ್ನು ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು. ಕೃಷ್ಣ ಬಲಕ್ಕೆ, ಅಂದರೆ ಹಿಂಬದಿಯಿಂದ ಎಡಕ್ಕೆ. ಸರಿ ಎನಿಸಿತು. ಎಡದ ಎರಡು ಕಿಂಡಿಗೆ ಕಪ್ಪು ಇಟ್ಟಳು, ಬಲದ ಎರಡಕ್ಕೆ ಜೇನು ಬಣ್ಣ ಇಟ್ಟಳು. ಹಿಂದೆ ಬಿಳಿ ಹಚ್ಚಿದಳು. ಕನ್ನಡಿಗೆ ಹಿಡಿದು ಬಟ್ಟೆ ಮುಚ್ಚಿದಳು. ತಿಮ್ಮಪ್ಪ ಬಂದು ಎದೆಗವಚಿಕೊಂಡು ಒಯ್ದ.

ಇದೆಲ್ಲ ಅವಳು ನನಗೆ ಹೇಳಿದ್ದು ನಾಲ್ಕು ತಿಂಗಳ ಮೇಲೆ, ಮೇಘಶ್ರೀಯ ಸೀಮಂತಕ್ಕೆ ಹೋಗಿ ಬಂದ ದಿನ. ಆವತ್ತು ಮಧ್ಯಾಹ್ನ ಬಸ್ಸಿಳಿದವಳು ತನ್ನ ಅಂಗಡಿಗೆ ಹೋಗದೆ ನೇರ ನನ್ನಲ್ಲಿಗೆ ಬಂದು ಸ್ಟೂಲಿನ ಮೇಲೆ ಕುಸಿದಳು. ಮಡಿಲಿಗೆ ಕೊಟ್ಟಿದ್ದ ತಾಂಬೂಲ, ಬಾಳೆಹಣ್ಣು ನೆಲಕ್ಕೆ ಬಿದ್ದರೂ ಗಮನವಿರಲಿಲ್ಲ.

“ಅಣ್ಣ, ತಿರುವು ಮುರುವು ಆಗೋಗಿದೆ. ಕೃಷ್ಣಂಗೆ ಬೆಕ್ಕಿನ ಕಣ್ಣು ಇಟ್ಬಿಟ್ಟಿದೀನಿ. ಬೆಕ್ಕಿಗೆ ಕೃಷ್ಣನ ಕಣ್ಣು.”

ನಾನು ನೀರು ಕೊಟ್ಟೆ.

ಅವಳು ಕೋಣೆಗೆ ಹೋದಾಗ ಬಸುರಿ ಹಾಸಿಗೆಯ ಮೇಲೆ ಕೂತಿದ್ದಳಂತೆ. ಎದುರು ಗೋಡೆಯಲ್ಲಿ ಪಟ. ನೀಲಾಂಬಿಕೆ ಮೊದಲು ಬೆಕ್ಕನ್ನು ನೋಡಿದ್ದಾಳೆ. ಮನುಷ್ಯರ ಹಾಗೆ ಕಪ್ಪಗೆ, ತಿಳಿವಳಿಕೆ ಇದ್ದ ಹಾಗೆ ಅದು ಇವಳನ್ನೇ ನೋಡುತ್ತಿತ್ತು. ಆಮೇಲೆ ಕೃಷ್ಣನ ಕಡೆ ತಿರುಗಿದ್ದಾಳೆ. ಬಾಗಿಲ ದಾರಂದ ಹಿಡಿದುಕೊಂಡಳಂತೆ. ಮೇಘಶ್ರೀ ಅವಳ ಕೈ ಎಳೆದು ಕೂರಿಸಿಕೊಂಡು, “ಅಕ್ಕ, ನಿಮ್ಮ ಕೃಷ್ಣನ ಕಣ್ಣು ಎಷ್ಟು ಚೆಂದ ಹೊಳೀತವೆ! ಬೆಳಿಗ್ಗೆ ಎದ್ದು ಬೇರೆ ಏನೂ ನೋಡಲ್ಲ, ಆ ಕಣ್ಣನ್ನೇ ನೋಡ್ತೀನಿ” ಎಂದಳಂತೆ.

“ಲಕ್ಕಮ್ಮ ನೋಡಿಲ್ವಾ?” ಎಂದೆ.

“ಯಾರೂ ನೋಡಿಲ್ಲ ಅಣ್ಣ. ಕೈ ಮುಗೀತಾರೆ, ಹೋಗ್ತಾರೆ.”

ಅದು ನಿಜ. ಜನ ದೇವರ ಪಟಕ್ಕೆ ಕೈಮುಗಿಯುತ್ತಾರೆಯೇ ಹೊರತು ಅದನ್ನು ನೋಡುವುದಿಲ್ಲ.

ಅವಳು ಒಂದು ಸುಳ್ಳು ಹೇಳಿ ನೋಡಿದ್ದಳು. ಕಟ್ಟು ಸಡಿಲವಾಗಿದೆ, ಒಯ್ದು ಗಟ್ಟಿ ಮಾಡಿ ತರುತ್ತೇನೆ ಎಂದು. ಲಕ್ಕಮ್ಮ, “ಸುಮ್ಕಿರವ್ವ, ಬಸ್ರಿ ಎದ್ರುಗಿರೋ ದ್ಯಾವ್ರುನ್ನ ಯಾರಾರಾ ಇಳುಸ್ತಾರಾ?” ಎಂದು ಬಾಯಿ ಮುಚ್ಚಿಸಿದ್ದಳು. ಮಾರನೆಯ ದಿನ ಚೊಚ್ಚಲ ಬಾಣಂತನಕ್ಕೆ ಮೇಘಶ್ರೀ ತವರಿಗೆ ಹೊರಟಾಗ ಪಟವನ್ನೂ ಸೀರೆಯಲ್ಲಿ ಸುತ್ತಿ ಜೊತೆಗೆ ಕಳಿಸಿದರು.

ಅಲ್ಲಿಂದ ಎರಡು ತಿಂಗಳು ಗೋಡೆಯಾಚೆ ನಗುವಿನ ಸದ್ದು ಕೇಳಲಿಲ್ಲ. ಪುಟ್ಟರಾಜು ಹೇಳಿ ಹೇಳಿ ಸೋತ. “ಅಲ್ಲ ಕಣೇ, ಬಣ್ಣ ನೋಡಿ ಮಗು ಹುಟ್ಟುತ್ತಾ? ನೀನು ದಿನಾ ಬೆಕ್ಕು ಬರೀತೀಯ, ನನಗೇನು ಬಾಲ ಬಂದಿದೆಯಾ?” ಅವಳಿಗೆ ನಗು ಬರಲಿಲ್ಲ. ದೇವರ ಕಣ್ಣು ಕೆಡಿಸಿದವಳು ತಾನು, ಆದರೆ ಪೆಟ್ಟು ಬೀಳುವುದು ಏನೂ ಅರಿಯದ ಆ ಹುಡುಗಿಯ ಕೂಸಿಗೆ ಎಂಬುದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಸೋಮವಾರ ಊಟ ಬಿಟ್ಟಳು, ಆಮೇಲೆ ಶನಿವಾರವೂ ಬಿಟ್ಟಳು. ಚನ್ನರಾಯಪಟ್ಟಣದ ಬಸ್ಸು ಬೀದಿಯಲ್ಲಿ ಹೋದರೆ ಕುಂಚ ಕೆಳಗಿಡುತ್ತಿದ್ದಳು.

ಮಾಘದಲ್ಲಿ ಗಂಡು ಮಗು ಹುಟ್ಟಿತು. ಸುದ್ದಿ ಬಂದದ್ದೂ ಬಸ್ಸಿನಲ್ಲೇ, ಕುಮಾರನ ಜೊತೆಗಾರ ಕಂಡಕ್ಟರೊಬ್ಬನಿಂದ. ಮಗು ದುಂಡಗಿದೆ, ತಾಯಿ ಚೆನ್ನಾಗಿದ್ದಾಳೆ ಎಂದ. ನೀಲಾಂಬಿಕೆ ಅವನ ಅಂಗಿ ಹಿಡಿದು ಕೇಳಿದಳು: “ಕಣ್ಣು?”

“ಕಣ್ಣು ಎರಡಿವೆ ಕಣಕ್ಕ!” ಎಂದು ನಗುತ್ತಾ ಹೋದ.

ನಿಜ ಸಂಗತಿ ಹೊರಬೀಳಲು ಸಮಯ ಹಿಡಿಯಿತು. ಹನ್ನೊಂದನೆಯ ದಿನ ಲಕ್ಕಮ್ಮ ಬೆಳ್ಳಿ ಉಡುದಾರ ಹಿಡಿದುಕೊಂಡು ಮೊಮ್ಮಗನನ್ನು ನೋಡಲು ಹೋಗಿದ್ದಳು. ಬಾಣಂತಿ ಕೋಣೆಯ ಮಬ್ಬಿನಲ್ಲಿ ಮಗು ಕಣ್ಣು ಬಿಟ್ಟಿತು. ಲಕ್ಕಮ್ಮ ಎತ್ತಿಕೊಂಡಿದ್ದ ಕೂಸನ್ನು ಹಾಸಿಗೆಯ ಮೇಲೆ ಇಟ್ಟು, ಉಡುದಾರ ಅದರ ಪಕ್ಕದಲ್ಲಿಟ್ಟು, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದಳು. ಎರಡೂ ಮನೆಗಳಲ್ಲಿ ಯಾರಿಗೂ ಇಲ್ಲದ ತಿಳಿ ಬಣ್ಣದ ಕಣ್ಣು. ಗಂಡ ವಾರಕ್ಕೆರಡು ದಿನ ಮನೆಗೆ ಬರುವವನು. ಇಷ್ಟು ಸಾಕಲ್ಲ ಊರಿನ ಬಾಯಿಗೆ.

ಹಳೇಕೋಟೆಯವರು ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಸುಮ್ಮನೆ ಕರೆಯಲು ಹೋಗಲಿಲ್ಲ, ಅಷ್ಟೆ. ನಮ್ಮ ಕಡೆ ಬಾಣಂತಿಯನ್ನು ಮೂರಕ್ಕೋ ಐದಕ್ಕೋ ಗಂಡನ ಮನೆಯವರೇ ಬಂದು ಕರೆದೊಯ್ಯಬೇಕು. ಅವಳಾಗಿ ಹೋಗುವಂತಿಲ್ಲ. ಮೂರು ತಿಂಗಳಾಯಿತು, ಐದಾಯಿತು. ಆಷಾಢದಲ್ಲಿ ಕರೆಯಬಾರದೆಂದು ಸಬೂಬು ಸಿಕ್ಕಿತು. ಶ್ರಾವಣ ಬಂತು. ಆಗಲೂ ಯಾರೂ ಹೋಗಲಿಲ್ಲ. ಕುಮಾರ್ ಚನ್ನರಾಯಪಟ್ಟಣದ ಬಸ್ಸಿನ ಡ್ಯೂಟಿಯನ್ನೇ ಬೇಡವೆಂದು ಬಿಟ್ಟನಂತೆ. ಇದನ್ನೆಲ್ಲ ಹೇಳಿದವಳು ಲಕ್ಷ್ಮಿಗೆ ಕಟ್ಟು ಹಾಕಿಸಲು ಬಂದ ಹಳೇಕೋಟೆಯ ಒಬ್ಬಳು ಮುದುಕಿ.

ಅವಳು ಆಚೆ ಹೋದ ಮೇಲೆ ಗೋಡೆಯಾಚೆ ಗಂಡ ಹೆಂಡಿರ ಮಾತು ಕೇಳಿತು.

“ನಾನು ಹೋಗಿ ಹೇಳ್ತೀನಿ ರೀ. ತಪ್ಪು ನನ್ನದು ಅಂತ.”

“ಹೇಳು. ದೇವರಿಗೆ ಬೆಕ್ಕಿನ ಕಣ್ಣು ಇಟ್ಟವಳು ಅಂತ ತಾಲ್ಲೂಕೆಲ್ಲ ಆಗ್ಲಿ. ನಾಳೆಯಿಂದ ಯಾವನು ಬರ್ತಾನೆ ನಿನ್ನ ಹತ್ರ ಲಕ್ಷ್ಮಿ ಬರೆಸೋಕೆ? ನಿಮ್ಮಪ್ಪ ಕೊಟ್ಟ ವಿದ್ಯೆ ಅಲ್ಲಿಗೆ ಮುಗೀತು.”

“ಆ ಹುಡುಗಿ ಬಾಳು ಮುಗಿದರೆ?”

ಪುಟ್ಟರಾಜು ಕೆಟ್ಟವನಲ್ಲ. ಅವನಿಗೂ ಹೆದರಿಕೆ. “ನಾನು ಬರಲ್ಲ. ನೀನು ಒಬ್ಬಳೇ ಬಸ್ ಸ್ಟ್ಯಾಂಡ್ ದಾಟು ನೋಡೋಣ” ಎಂದ.

ಮಾರನೆಯ ಬೆಳಿಗ್ಗೆ ಅವಳು ನನ್ನ ಅಂಗಡಿಯ ಮುಂದೆ ನಿಂತಿದ್ದಳು. ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು. ಕೇಳುವ ಮೊದಲೇ ನಾನು ಬಾಗಿಲು ಎಳೆದು ಬೀಗ ಹಾಕಿದೆ.

ಬಸ್ಸಿನಲ್ಲಿ ಕಿಟಕಿಯ ಸರಳು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು. ಅರ್ಧ ದಾರಿ ಆದ ಮೇಲೆ, “ನೀವು ಇದನ್ನ ನಂಬಲ್ಲ, ಅಲ್ವಾ ಅಣ್ಣ?” ಎಂದಳು.

“ಗಡಿಯಾರ ಬಿಚ್ಚಿದರೆ ಯಾವ ಚಕ್ರ ಯಾವುದನ್ನ ತಿರುಗಿಸುತ್ತೆ ಅಂತ ತೋರಿಸ್ತೀನಿ. ಮಗು ವಿಷಯ ನನಗೆ ಗೊತ್ತಿಲ್ಲ.”

“ನಾನು ನಂಬ್ತೀನಿ. ನಂಬದೆ ಇದ್ದಿದ್ದರೆ ಇಷ್ಟು ಹೆದರಿಕೆ ಆಗ್ತಿರಲಿಲ್ಲ.”

ಚನ್ನರಾಯಪಟ್ಟಣದಲ್ಲಿ ಮೇಘಶ್ರೀಯ ತಾಯಿ ನಮ್ಮನ್ನು ಜಗುಲಿಯಲ್ಲೇ ಕೂರಿಸಿದರು. ಹಳೇಕೋಟೆ ಕಡೆಯವರೇನೋ ಎಂದು ಮೊದಲು ಆಸೆಪಟ್ಟು ಓಡಿಬಂದವರು, ಅಲ್ಲವೆಂದು ತಿಳಿದು ಕಂಬಕ್ಕೆ ಒರಗಿದರು. ಹೇಳಿದ್ದನ್ನೇ ಹೇಳಿದರು: “ನಮ್ಮತ್ತೆಗೆ ಇಂಥವೇ ಕಣ್ಣು ಕಣಪ್ಪ, ಬೂದಿ ಬಣ್ಣದವು. ಆಯಮ್ಮ ಸತ್ತು ಮೂವತ್ತು ವರ್ಷ. ಒಂದು ಫೋಟೋ ಇಲ್ಲ, ನೋಡಿದೋರು ಒಬ್ಬರು ಉಳಿದಿಲ್ಲ. ನಾನು ಹೆತ್ತ ತಾಯಿ. ನಾನು ಹೇಳಿದ್ರೆ ಯಾರು ನಂಬ್ತಾರೆ?”

ಮೇಘಶ್ರೀ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಸೀಮಂತದ ದಿನ ನಗುತ್ತಿದ್ದ ಹುಡುಗಿ ಇವಳೇ ಎಂದರೆ ನಂಬುವಂತಿರಲಿಲ್ಲವೆಂದು ನೀಲಾಂಬಿಕೆ ಆಮೇಲೆ ಹೇಳಿದಳು. ಮಗು ತೊಟ್ಟಿಲಲ್ಲಿ ಮಲಗಿತ್ತು. “ನೋಡಿ ಅಕ್ಕ” ಎಂದು ಆ ಹುಡುಗಿ ಕರೆದರೂ ಇವಳು ತೊಟ್ಟಿಲ ಹತ್ತಿರ ಹೋಗಲಿಲ್ಲ. ಅದು ಕಣ್ಣು ಬಿಟ್ಟರೆ ಎಂಬ ಹೆದರಿಕೆ. ಆ ಪಟವೊಂದನ್ನು ಕೊಡಿ, ಹಳೇಕೋಟೆಗೆ ಒಯ್ಯಬೇಕು ಎಂದಷ್ಟೇ ಕೇಳಿದಳು. ಯಾಕೆಂದು ಕೇಳಿದ್ದಕ್ಕೆ ಅಳು ಬಂತು. ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು.

ಹಳೇಕೋಟೆ ಮುಟ್ಟಿದಾಗ ಮೂರು ಗಂಟೆ. ತಿಮ್ಮಪ್ಪ ಹಟ್ಟಿಯಲ್ಲಿ ಹಗ್ಗ ಹೊಸೆಯುತ್ತಿದ್ದ, ಲಕ್ಕಮ್ಮ ಹುರುಳಿ ಕೇರುತ್ತಿದ್ದಳು. ಅಂದು ಕುಮಾರನೂ ಮನೆಯಲ್ಲಿದ್ದ. ಜಗುಲಿಯ ಕಂಬದ ಬಳಿ ಬಿಳಿ ಬೆಕ್ಕು ಮಲಗಿತ್ತು. ನೀಲಾಂಬಿಕೆ ಅದನ್ನು ಕಂಡವಳೇ ನನ್ನ ಹಿಂದೆ ಸರಿದಳು.

“ಏನವ್ವ ನೀಲವ್ವ, ಈಟು ದೂರ?” ಎಂದಳು ಲಕ್ಕಮ್ಮ, ಮೊರ ಕೆಳಗಿಡದೆ.

ನೀಲಾಂಬಿಕೆ ಟವೆಲ್ ಬಿಚ್ಚಿ ಪಟವನ್ನು ಗೋಡೆಗೆ ಒರಗಿಸಿದಳು. ನಾನು ಹೇಳಲೇ ಎಂದು ಮುಂದೆ ಬಂದೆ. ಅವಳು ಕೈ ಅಡ್ಡ ಹಿಡಿದಳು.

“ಅಮ್ಮ, ಕೃಷ್ಣನ ಕಣ್ಣು ನೋಡಿ.”

“ಏನ್ ನೋಡಾದು?”

“ಬೆಳಕಿಗೆ ಹಿಡಿದು ನೋಡಿ. ಬೆಕ್ಕಿನ ಕಣ್ಣೂ ನೋಡಿ. ತಿರುವು ಮುರುವು ಇಟ್ಟೋಳು ನಾನು. ಗೀಟು ಅಳಿಸಿ ಹೋಗಿತ್ತು. ನಿಮ್ಮ ಸೊಸೆ ಆರು ತಿಂಗಳು ಈ ಕಣ್ಣು ನೋಡ್ಕೊಂಡು ಎದ್ದಿದಾಳೆ. ಆ ಮಗೂಗೆ ಬಂದಿರೋದು ಇದೇ ಕಣ್ಣು. ಅವಳದೇನೂ ತಪ್ಪಿಲ್ಲ. ನನ್ನ ಕೈ ತಪ್ಪು. ಸೀಮಂತದ ದಿನಾನೇ ನನಗೆ ಗೊತ್ತಾಯ್ತು, ಹೆದರಿಕೊಂಡು ಬಾಯಿ ಮುಚ್ಕೊಂಡೆ.”

ಲಕ್ಕಮ್ಮ ಮೊರ ಇಟ್ಟು ಎದ್ದಳು. ಪಟವನ್ನು ಎತ್ತಿ ಅಂಗಳದ ಬಿಸಿಲಿಗೆ ಒಯ್ದಳು. ಕಣ್ಣು ಕಿರಿದು ಮಾಡಿ ನೋಡಿದಳು, ದೂರ ಹಿಡಿದು ನೋಡಿದಳು. ತಿಮ್ಮಪ್ಪನೂ ಬಂದು ಭುಜದ ಮೇಲಿಂದ ಬಗ್ಗಿದ.

“ಅಯ್ಯಯ್ಯಪ್ಪ” ಎಂದ ಅವನು. “ಬೆಕ್ಕು ನಮ್ಮ ಕುಮಾರನಂಗೇ ನೋಡ್ತಾ ಕುಂತದಲ್ಲೇ!”

ಲಕ್ಕಮ್ಮ ತಿರುಗಿದಾಗ ಅವಳ ಮುಖ ಕೆಂಡವಾಗಿತ್ತು. “ನಿನ್ ಕೈ ಸೇದೋಗ! ದ್ಯಾವ್ರು ಅಂತ ತಂದು ಮನೇಗ್ ಇಟ್ಕಂಡ್ರೆ ಇಂಗ್ ಮಾಡಿದ್ಯಲ್ಲೇ! ಆರ್ ತಿಂಗ್ಳು! ಆರ್ ತಿಂಗ್ಳಿಂದ ನಾನು ಆ ಎಣ್ಣುಡುಗೀನ ಮನ್ಸಿನಾಗೇ ಏನೇನ್ ಅಂದ್ಕಂಡೆ ಅಂತ ನಿಂಗೇನಾರ ಗೊತ್ತಾ?”

ನೀಲಾಂಬಿಕೆ ಹೊಡೆತಕ್ಕೆ ಕಾದವಳ ಹಾಗೆ ತಲೆ ಬಗ್ಗಿಸಿ ನಿಂತಿದ್ದಳು. ಲಕ್ಕಮ್ಮ ಬೈಯುತ್ತಲೇ ಇದ್ದಳು. ಬೈಯುತ್ತಾ ಬೈಯುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಆಗ ಒಂದು ಸಂಗತಿ ಹೊಳೆಯಿತು. ಆ ಮುದುಕಿಗೆ ಮೊಮ್ಮಗ ಬೇಕಾಗಿದ್ದ. ಹೋಗಿ ಎತ್ತಿಕೊಳ್ಳಲು ಒಂದು ಕಾರಣ ಸಿಗದೆ ಆರು ತಿಂಗಳು ಬೆಂದಿದ್ದಳು. ಕಾರಣ ಈಗ ಬಿಸಿಲಲ್ಲಿ ಹೊಳೆಯುತ್ತಿತ್ತು.

ಕುಮಾರ್ ಒಳಗಿನಿಂದ ಬಂದು ಎಲ್ಲ ಕೇಳಿಸಿಕೊಂಡು ಹೊಸಿಲ ಮೇಲೆ ಕೂತುಬಿಟ್ಟ. ತಾಯಿ ಅವನ ಕಡೆ ತಿರುಗಿದಳು.

“ಏನ್ಲಾ ಕುಂತ್ಕಂಡೆ? ಬಿಳೇ ಅಂಗಿ ಆಕ್ಕಳ್ಳಾ. ನಾಳೀಕೆ ಎದ್ದೇಟ್ಗೆ ಓಗಿ ಕರ್ಕಂಬರಾನ.”

“ಯಾವ ಮೊಕ ಇಟ್ಕಂಡು ಬರ್ಲವ್ವ ನಾನು?” ಎಂದ ಅವನು.

“ಇರಾದೊಂದೇ ಮೊಕ ಕಣ್ಲಾ, ಅದುನ್ನೇ ಇಟ್ಕಂಡ್ ಬಾ.”

ಆಮೇಲೆ ಲಕ್ಕಮ್ಮ ನೀಲಾಂಬಿಕೆಯ ಮುಂದೆ ಬಂದು ನಿಂತಳು. ದನಿ ತಗ್ಗಿತ್ತು, ಅದಕ್ಕೇ ಹೆಚ್ಚು ಹೆದರಿಕೆಯಾಗುವಂತಿತ್ತು. “ನೀನು ಬಂದು ಏಳಿದ್ಯಲ್ಲ, ಅದುಕ್ಕೆ ಬುಟ್ಟೀನಿ. ಆದ್ರೆ ನಮ್ಮನೆ ದ್ಯಾವ್ರ ಮುಂದೆ ಆಣೆ ಮಾಡು. ಇನ್ ಮ್ಯಾಲೆ ನಿನ್ ಕೈಯಿ ದ್ಯಾವ್ರುನ್ನ ಬರೀಕೂಡ್ದು.”

ನಾನು ಮಧ್ಯೆ ಬಾಯಿ ಹಾಕಿದೆ. “ಲಕ್ಕಮ್ಮ, ಅದು ಅವಳ ತಂದೆ ಕೊಟ್ಟ ವಿದ್ಯೆ.”

“ವಾಚಿನ ಬೈರಯ್ಯ, ನೀನ್ ಸುಮ್ಕಿರು. ನಿನ್ ಮುಳ್ಳು ತಪ್ಪುದ್ರೆ ಬಸ್ ತಪ್ತದೆ. ಇವಳ್ ಕೈ ತಪ್ಪುದ್ರೆ ಮನೇನೇ ಓಯ್ತದೆ.”

ನೀಲಾಂಬಿಕೆ ಒಳಗೆ ಹೋದಳು. ದೇವರ ಗೂಡಿನ ಮುಂದೆ ದೀಪ ಮುಟ್ಟಿ ಆಣೆ ಮಾಡಿದಳು. ಹೊರಗೆ ಬಂದಾಗ ಆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ಸುಟ್ಟಿತೋ ಎನ್ನುವ ಹಾಗೆ.

ಪಟ ಮತ್ತೆ ಆ ಮನೆಗೆ ಬೇಡವೆಂದರು. ತೆರೆದ ಕಣ್ಣನ್ನು ಒಡೆಯುವಂತಿಲ್ಲ. ವಾಪಸು ಬರುತ್ತಾ ಹೇಮಾವತಿಯ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಅವಳೇ ಅದನ್ನು ಮುಳುಗಿಸಿದಳು. ನೀರು ಕಲಕಿತ್ತು. ಕೆಂಪು ನೀರಿನಲ್ಲಿ ಒಂದು ಗಳಿಗೆ ನಾಲ್ಕು ಕಣ್ಣೂ ಕಂಡವು. ಅವಳು “ಅಣ್ಣಾ” ಎಂದು ಚೀರಿ ನನ್ನ ತೋಳು ಹಿಡಿದಳು. ಮತ್ತೆ ಏನೂ ಕಾಣಲಿಲ್ಲ.

ಪುಟ್ಟರಾಜು ಹೇಳಿದ್ದೇ ಆಯಿತು. ಹದಿನೈದು ದಿನದಲ್ಲಿ ಅರಕಲಗೂಡಿನವರೆಗೂ ಸುದ್ದಿ ಮುಟ್ಟಿತ್ತು. ಒಪ್ಪಿದ್ದ ಎರಡು ಲಕ್ಷ್ಮಿ, ಒಂದು ಆಂಜನೇಯ ಬೇಡವೆಂದು ಹೇಳಿ ಕಳಿಸಿದರು. ಅವರು ಬೇಕೆಂದಿದ್ದರೂ ಆಣೆಯಿತ್ತು. ಬೆಕ್ಕಿಗೆ ಮಾತ್ರ ಜನ ಬರುತ್ತಿದ್ದರು. ಬೆಕ್ಕಿನ ಕಣ್ಣು ಅವಳಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ ಎಂದು ಕೆಲವರು ಮುಖದ ಮುಂದೆಯೇ ಅನ್ನುತ್ತಿದ್ದರು. ಅವಳು ಕೇಳಿಸದವಳಂತೆ ಬರೆಯುತ್ತಿದ್ದಳು.

ಗೌರಿ ಹಬ್ಬದ ಹಿಂದಿನ ದಿನ ಮೇಘಶ್ರೀ ಅಂಗಡಿಗೆ ಬಂದಳು. ಜೊತೆಗೆ ಕುಮಾರ್, ಅವನ ಕೈಯಲ್ಲಿ ಮಗು. ಗೋಡೆಯಾಚೆಯ ಸದ್ದು ಕೇಳಿ ನಾನೂ ಹೋಗಿ ಬಾಗಿಲಲ್ಲಿ ನಿಂತೆ. ನೀಲಾಂಬಿಕೆ ಕಟ್ಟುಗಳ ರಾಶಿಯ ಹಿಂದೆ ಹೋಗಿ ಅವಿತು ನಿಂತಿದ್ದಳು.

“ಬನ್ನಿ ಅಕ್ಕ. ನೀವು ಬರಲಿಲ್ಲ ಅಂದಿದ್ರೆ ನಾನು ಇವತ್ತು ಎಲ್ಲಿ ಇರ್ತಿದ್ದೆನೋ” ಎಂದು ಆ ಹುಡುಗಿ ಅವಳನ್ನು ಹೊರಗೆ ಎಳೆದು ಕೂರಿಸಿ, ಮಗುವನ್ನು ಮಡಿಲಿಗೆ ಹಾಕಿಯೇ ಬಿಟ್ಟಳು.

ನೀಲಾಂಬಿಕೆ ಮುಖ ತಿರುಗಿಸಿಕೊಂಡಿದ್ದಳು. ಮಗು ಅವಳ ಸರ ಹಿಡಿದು ಎಳೆಯಿತು. ಬೇರೆ ದಾರಿಯಿಲ್ಲದೆ ನೋಡಿದಳು. ಬಾಗಿಲ ಬೆಳಕು ನೇರ ಮಗುವಿನ ಮುಖದ ಮೇಲಿತ್ತು. ನೋಡುತ್ತಾ ನೋಡುತ್ತಾ ಅವಳ ಬೆನ್ನು ನೆಟ್ಟಗಾಯಿತು. ಬಣ್ಣ ಕಲಸುವಾಗ ಹೇಗೆ ಚಿಪ್ಪಿನೊಳಗೆ ಬಗ್ಗಿ ನೋಡುತ್ತಿದ್ದಳೋ ಹಾಗೆ ಬಗ್ಗಿದಳು. ಆಮೇಲೆ ಮಗುವನ್ನು ತಾಯಿಗೆ ಕೊಟ್ಟು, ಇಬ್ಬರಿಗೂ ಕುಂಕುಮ ಇಟ್ಟು ಕಳಿಸಿದಳು.

ಅವರು ಬೀದಿಯ ತಿರುವು ದಾಟುವವರೆಗೂ ಕಾದು ನನ್ನ ಹತ್ತಿರ ಬಂದಳು.

“ಅದು ನನ್ನ ಬಣ್ಣ ಅಲ್ಲ ಕಣಣ್ಣ.”

“ಏನು?”

“ನಾನು ಕಲಸಿದ್ದು ಜೇನು ಬಣ್ಣ. ಹಳದಿ, ಕಂದು, ಒಂದು ತೊಟ್ಟು ಹಸಿರು. ಈ ಮಗೂದು ಬೂದಿ ಬಣ್ಣ. ನನ್ನ ಬಣ್ಣ ನನಗೆ ಗೊತ್ತಾಗಲ್ವಾ? ಆಯಮ್ಮ ಹೇಳಿದ್ರಲ್ಲ ಚನ್ನರಾಯಪಟ್ಟಣದಲ್ಲಿ, ಅವರತ್ತೆದು. ಅದೇ ಇದು.”

ನನಗೆ ಸಂತೋಷವೇ ಆಯಿತು. “ಹಾಗಾದರೆ ನಿನ್ನದೇನೂ ತಪ್ಪಿಲ್ಲ. ಹೋಗಿ ಲಕ್ಕಮ್ಮನಿಗೆ ಹೇಳೋಣ, ಆಣೆ ಬಿಡಿಸಿಕೊಂಡು ಬರೋಣ” ಎಂದೆ.

ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಇಷ್ಟು ವರ್ಷದಲ್ಲಿ ಅವಳು ಎಂದೂ ಹಾಗೆ ಮಾಡಿರಲಿಲ್ಲ. “ಹೇಳಿದ್ರೆ ಮತ್ತೆ ಕೇಳಲ್ವಾ ಅವರು, ಹಂಗಾರೆ ಈ ಕಣ್ಣು ಎಲ್ಲಿಂದ ಬಂತು ಅಂತ? ಸತ್ತ ಅಜ್ಜೀನ ಎಲ್ಲಿಂದ ತೋರಿಸ್ಲಿ? ನೀವೂ ಹೇಳಬಾರದು. ಇವರಿಗೂ ಹೇಳಬಾರದು.” ಗಂಡ ಇದ್ದ ಕಡೆ ಕಣ್ಣಲ್ಲೇ ತೋರಿಸಿದಳು.

ಲಕ್ಕಮ್ಮ ಮುಂದೆ ಒಂಬತ್ತು ವರ್ಷ ಬದುಕಿದಳು. ಸಂತೆಗೆ ಬಂದಾಗಲೆಲ್ಲ ಮೊಮ್ಮಗನನ್ನು ಅಂಗಡಿಗೆ ಕರೆತರುತ್ತಿದ್ದಳು. ಅವಳ ಹೆಜ್ಜೆ ಕೇಳಿದರೆ ಸಾಕು, ನೀಲಾಂಬಿಕೆ ಕುಂಚ ಕೆಳಗಿಡುತ್ತಿದ್ದಳು. ಎಂದಾದರೂ ಒಂದು ದಿನ ಆ ಮುದುಕಿ ಬಣ್ಣವನ್ನು ಸರಿಯಾಗಿ ನೆನಪು ಮಾಡಿಕೊಂಡರೆ? ಲಕ್ಕಮ್ಮ ಹುಡುಗನ ಗಲ್ಲ ಹಿಡಿದೆತ್ತಿ, “ನೋಡವ್ವ ನಿನ್ ಕೈ ಕೆಲ್ಸಾನ” ಅನ್ನುತ್ತಿದ್ದಳು. ನೀಲಾಂಬಿಕೆ ಪ್ರತಿ ಸಲವೂ ತಲೆ ತಗ್ಗಿಸಿ, “ತಪ್ಪಾಯ್ತಮ್ಮ” ಅನ್ನುತ್ತಿದ್ದಳು.